ಗಾಳ, ಬೆಂಡು, ಭಾನುವಾರ

ನಿವೃತ್ತನಾದ ಮೇಷ್ಟರು ಏನು ಮಾಡಿಕೊಂಡಿದ್ದಾರೆಂದು ವಿಚಾರಿಸುವವರು ಉತ್ತರವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಹಳಗನ್ನಡ ಕಾವ್ಯವೊಂದಕ್ಕೆ ಟೀಕೆ ಬರೆಯುತ್ತಿದ್ದೇನೆ ಎಂದರೆ ಅವರಿಗೆ ಸಮಾಧಾನ. ಮೊಮ್ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ ಎಂದರೂ ಸಮಾಧಾನವೇ. "ಭಾನುವಾರ ಸೋಸಲೆಗೆ ಹೋಗಿ ಹೊಳೆಯಲ್ಲಿ ಗಾಳ ಹಾಕಿಕೊಂಡು ಕೂರುತ್ತೇನೆ" ಎಂದು ನಾನು ನಿಜವನ್ನು ಹೇಳಿದಾಗ ಮಾತ್ರ ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಮಾತನ್ನು ಮಳೆ ಬೆಳೆಯ ಕಡೆಗೆ ತಿರುಗಿಸುತ್ತಾರೆ. ತಪ್ಪು ಅವರದಲ್ಲ. ನಮ್ಮ ಭಾಷೆಯಲ್ಲೇ ಗಾಳಕ್ಕೆ ಒಳ್ಳೆಯ ಹೆಸರಿಲ್ಲ. ಹೆಣ್ಣಿನ ಕಡೆಯವರು ವರನಿಗೆ ಗಾಳ ಹಾಕುತ್ತಾರೆ, ಒಂದು ಪಕ್ಷದವರು ಇನ್ನೊಂದು ಪಕ್ಷದ ಶಾಸಕನಿಗೆ ಗಾಳ ಹಾಕುತ್ತಾರೆ. ಮೀನಿಗೆ ಗಾಳ ಹಾಕುವವನೊಬ್ಬನೇ ಈ ಮಾತನ್ನು ಮುಚ್ಚುಮರೆಯಿಲ್ಲದೆ ಆಡಬಲ್ಲವನು.

ಭಾಷೆಯ ವಿಷಯ ಬಂದಿತಾದ್ದರಿಂದ ಇನ್ನೊಂದು ಮಾತು. ಎರೆಹುಳು ಎಂಬ ಪದವನ್ನು ಈಗ ಎಲ್ಲರೂ ಗೊಬ್ಬರದ ಸಂಬಂಧವಾಗಿಯೇ ಕೇಳುತ್ತಾರೆ. ಎರೆ ಎಂದರೆ ಹಕ್ಕಿಗೆ, ಹಾವಿಗೆ, ಮೀನಿಗೆ ಆಹಾರ. ಗಾಳಕ್ಕೆ ಸಿಕ್ಕಿಸುವ ತಿನಿಸು. ಎರೆ ಎಂದರೆ ಕಪ್ಪು ಮಣ್ಣೂ ಹೌದು. ಆ ಹುಳುವಿಗೆ ಹೆಸರು ಬಂದದ್ದು ಮಣ್ಣಿನಿಂದಲೋ ಗಾಳದಿಂದಲೋ ಎಂದು ತರಗತಿಯಲ್ಲಿ ಕೇಳಿದ್ದರೆ ನಾನು ಎರಡು ಪಕ್ಷಗಳನ್ನೂ ಮಂಡಿಸಿ ಗಂಟೆ ಹೊಡೆಯುವವರೆಗೆ ಕಾಲ ತಳ್ಳುತ್ತಿದ್ದೆ. ಹೊಳೆಯ ದಂಡೆಯಲ್ಲಿ ಕುಳಿತವನಿಗೆ ಸಂದೇಹವೇ ಇಲ್ಲ.

ಸೋಸಲೆಯನ್ನು ಹೊರಗಿನವರು ಬಲ್ಲುದು ವ್ಯಾಸರಾಜ ಮಠದಿಂದ. ನಮ್ಮದು ಬೇಸಾಯದ ಮನೆ. ತಿರುಮಕೂಡಲು ನರಸೀಪುರದ ಸಂಗಮಕ್ಕೆ ನಮ್ಮೂರಿನಿಂದ ನಡೆದೇ ಹೋಗಬಹುದು; ಅಲ್ಲಿ ಕಪಿಲೆ ಬಂದು ಕಾವೇರಿಯನ್ನು ಸೇರುತ್ತಾಳೆ. ಗುಂಜಾ ನರಸಿಂಹನ ಜಾತ್ರೆಗೆಂದು ಹೊರಟು ಹೊಳೆಯಲ್ಲಿ ದಿನ ಕಳೆದು ಬಂದದ್ದು ಎಷ್ಟು ಸಲವೋ. ನನಗೆ ಗಾಳ ಕಟ್ಟುವುದನ್ನು ಕಲಿಸಿದವನು ನನ್ನ ಸಹಪಾಠಿ, ಬೆಸ್ತರ ಮನೆಯ ಹುಡುಗ. ನಾನು ಅವನಿಗೆ ಮಗ್ಗಿ ಹೇಳಿಕೊಡಬೇಕು, ಅವನು ನನಗೆ ಗಂಟು ಹೇಳಿಕೊಡಬೇಕು ಎಂದು ಒಪ್ಪಂದವಾಗಿತ್ತು. ಹದಿನಾರರ ಮಗ್ಗಿ ಅವನಿಗೆ ಕೊನೆಗೂ ಬರಲಿಲ್ಲ. ಅವನ ಗಂಟು ಐವತ್ತು ವರ್ಷಗಳಿಂದ ನನ್ನ ಕೈಯಲ್ಲಿ ಒಮ್ಮೆಯೂ ಬಿಚ್ಚಿಕೊಂಡಿಲ್ಲ. ನಾನು ಎಂ. ಎ. ಮಾಡಿ ಬಂದಂದಿನಿಂದ ಅವನು ನನ್ನನ್ನು 'ಮೇಷ್ಟ್ರೇ' ಎಂದು ಕರೆಯತೊಡಗಿದ. ಅದರಲ್ಲಿ ಗೌರವ ಎಷ್ಟು, ಕುಚೋದ್ಯ ಎಷ್ಟು ಎಂದು ಬೇರ್ಪಡಿಸುವುದು ಈಗಲೂ ನನಗೆ ಸಾಧ್ಯವಾಗಿಲ್ಲ.

ಸಲಕರಣೆ ಬಹಳವೇನೂ ಬೇಡ. ಒಂದು ಹಸನಾದ ಬಿದಿರು ಕೋಲು, ನೈಲಾನ್ ದಾರ, ಗಾಳ, ಅದರ ಮೇಲೆ ಒಂದು ಚೂರು ಸೀಸ, ಅದಕ್ಕೂ ಮೇಲೆ ಬೆಂಡು. ಜೋಳದ ದಂಟಿನ ಬೆಂಡು ಸಾಕು; ಉದುರಿದ ನವಿಲುಗರಿಯ ದಂಟು ಸಿಕ್ಕರೆ ಇನ್ನೂ ಮೇಲು, ಏಕೆಂದರೆ ಅದು ಹಗುರ ಮತ್ತು ಚುರುಕು. ಈ ವಿನೋದದ ಸಮಸ್ತ ವಿದ್ಯೆಯೂ ಬೆಂಡನ್ನು ಓದುವುದರಲ್ಲಿದೆ. ಸಸಲು, ಪಕ್ಕೆಗಳಂಥ ಪುಟ್ಟ ಮೀನುಗಳು ಎರೆಯನ್ನು ಕುಟುಕಿ ಕುಟುಕಿ ತಿನ್ನುವಾಗ ಬೆಂಡು ಚಳಿ ಹಿಡಿದಂತೆ ನಡುಗುತ್ತದೆ. ಆಗ ಎಳೆದರೆ ಬರಿಯ ಗಾಳ ಬರುತ್ತದೆ. ಗಿರ್ಲು ಮೀನು ಬಂದರೆ ಬೆಂಡು ತಟಕ್ಕನೆ ಒಮ್ಮೆ ಮುಳುಗಿ ಏಳುತ್ತದೆ. ಗೆಂಡೆ ದೊಡ್ಡ ಮನುಷ್ಯನಂತೆ, ಅವಸರವಿಲ್ಲ. ಬೆಂಡು ಮೊದಲು ಮಲಗುತ್ತದೆ, ಆಮೇಲೆ ಓರೆಯಾಗಿ ಸರಿದು ಹೋಗುತ್ತದೆ. ಕೊರವ ಮೀನಿನ ವಿಷಯದಲ್ಲಿ ಓದುವುದಕ್ಕೆ ಸಮಯವೇ ಇರುವುದಿಲ್ಲ. ನೋಡುತ್ತಿದ್ದ ಬೆಂಡು ಇಲ್ಲವಾಗುತ್ತದೆ, ಅಷ್ಟೆ. ಈ ಕೊರವಕ್ಕೆ ಕಿವಿರಿನ ಜೊತೆಗೆ ಗಾಳಿಯನ್ನೇ ಉಸಿರಾಡುವ ಅಂಗವೂ ಇದೆ. ಆದುದರಿಂದ ಕೆಸರುಗುಂಡಿಯಲ್ಲೂ ಅದು ಬದುಕುತ್ತದೆ, ಆಗಾಗ ಮೇಲೆ ಬಂದು ಗುಟುಕು ಗಾಳಿ ಕುಡಿದು ಹೋಗುತ್ತದೆ. ತಾನು ಇರುವ ಜಾಗವನ್ನು ತಾನೇ ಹೇಳಿಕೊಡುವ ಮೀನು ಇದೊಂದೇ ಎಂದು ನನ್ನ ಗೆಳೆಯ ನಗುತ್ತಾನೆ.

ಒಬ್ಬನೇ ಕುಳಿತು ಗಾಳ ಹಾಕುವವರನ್ನು ನಾನು ಗೌರವಿಸುತ್ತೇನೆ, ಅನುಸರಿಸುವುದಿಲ್ಲ. ನಮ್ಮದು ಬಂಧು ಮಿತ್ರ ಸಮೇತವಾದ ಯಾತ್ರೆ. ದೀಪಾವಳಿ ಕಳೆದು ಹೊಳೆ ತಿಳಿಯಾದ ಮೇಲೆ ಯುಗಾದಿಯವರೆಗೆ ಅದರ ಕಾಲ. ನಾನು, ನನ್ನ ತಮ್ಮ, ಭಾವಮೈದ, ಗೆಳೆಯ, ಜೊತೆಗೆ ಬಂದಷ್ಟು ಮಕ್ಕಳು. ಬುತ್ತಿಯಲ್ಲಿ ಮೊಸರನ್ನ, ಉಪ್ಪಿನಕಾಯಿ. ಮೀನು ಸಿಕ್ಕೇ ಸಿಗುತ್ತದೆಂಬ ನಂಬಿಕೆ ನಮ್ಮ ಮನೆಯ ಹೆಂಗಸರಿಗೆ ಯಾವ ಕಾಲದಲ್ಲೂ ಇದ್ದದ್ದಿಲ್ಲ. ಎರೆಯ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ಮತ. ಗೆಳೆಯ ಎರೆಹುಳುವಿನವನು. ನಾನು ರಾಗಿಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಇಂಗು ಸೇರಿಸಿ ಉಂಡೆ ಕಟ್ಟುವವನು. ಭಾವಮೈದ ಪ್ರತಿ ವರ್ಷ ಹೊಸ ಮತಕ್ಕೆ ಸೇರುತ್ತಾನೆ; ಒಂದು ವರ್ಷ ಗೋದಿಹಿಟ್ಟು, ಒಂದು ವರ್ಷ ಬಾಳೆಹಣ್ಣು, ಒಮ್ಮೆ ಮೈಸೂರಿನಿಂದ ತಂದ ಬಣ್ಣಬಣ್ಣದ ರಬ್ಬರಿನ ಹುಳು. ಆ ರಬ್ಬರಿನ ಹುಳುವನ್ನು ಮೀನುಗಳು ಮೂಸಿ ನೋಡಿದ ಕುರುಹೂ ಇಲ್ಲ.

ಮಕ್ಕಳ ಗಲಾಟೆಯ ಬಗ್ಗೆ ನಮ್ಮಲ್ಲಿ ಬಹುಕಾಲ ಜಗಳವಿತ್ತು. ಮಾತಾಡಿದರೆ ಮೀನು ಓಡಿಹೋಗುತ್ತದೆ ಎಂದು ನನ್ನ ತಮ್ಮ ಅವರ ಬಾಯಿ ಮುಚ್ಚಿಸುತ್ತಿದ್ದ. ವಿಜ್ಞಾನದ ಅಧ್ಯಾಪಕರಾದ ನನ್ನ ಸಹೋದ್ಯೋಗಿಯೊಬ್ಬರನ್ನು ಕೇಳಿದೆ. ಅವರು ಹೇಳಿದ್ದು ಕುತೂಹಲಕರವಾಗಿತ್ತು. ಗಾಳಿಯಲ್ಲಿ ಹುಟ್ಟಿದ ಸದ್ದಿನ ಬಹುಪಾಲು ನೀರಿನ ಮೇಲ್ಮೈಯಿಂದ ಹಿಂದಿರುಗಿಬಿಡುತ್ತದಂತೆ. ಒಳಗೆ ಇಳಿಯುವುದು ಅತ್ಯಲ್ಪ. ಆದರೆ ದಂಡೆಯ ಮೇಲೆ ಧಪಧಪ ಹೆಜ್ಜೆ ಹಾಕಿದರೆ ಆ ಅದುರು ನೆಲದ ಮೂಲಕ ನೇರವಾಗಿ ನೀರಿಗೆ ಇಳಿಯುತ್ತದೆ, ಮೀನಿನ ಎರಡು ಪಕ್ಕಗಳಲ್ಲೂ ಉದ್ದಕ್ಕೆ ಇರುವ ಸೂಕ್ಷ್ಮವಾದ ಗೆರೆ ಅದನ್ನು ಹಿಡಿದುಬಿಡುತ್ತದೆ. ಇನ್ನು ಕಣ್ಣಿನ ಮಾತು: ನೀರಿನೊಳಗಿನಿಂದ ಮೀನು ಹೊರಗಿನ ಲೋಕವನ್ನೆಲ್ಲ ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಕಾಣುತ್ತದೆ, ಆ ಕಿಟಕಿಯ ಹರವು ಸುಮಾರು 97 ಡಿಗ್ರಿ. ಬೆಳಕು ಬಾಗುವುದರಿಂದ ದಂಡೆಯಲ್ಲಿ ಇರುವುದೆಲ್ಲ ಆ ಕಿಟಕಿಯ ಅಂಚಿನಲ್ಲಿ ಚಪ್ಪಟೆಯಾಗಿ ಒತ್ತಿಕೊಂಡಿರುತ್ತದೆ. ನಿಂತವನು ಕಾಣುತ್ತಾನೆ, ತಗ್ಗಿ ಕುಳಿತವನು ಬಹುಮಟ್ಟಿಗೆ ಕಾಣುವುದಿಲ್ಲ. ಎಂದರೆ ಎಷ್ಟು ಬೇಕಾದರೂ ಹರಟಬಹುದು, ಆದರೆ ಎದ್ದು ಓಡಾಡಬಾರದು. ಈ ತೀರ್ಪನ್ನು ಕೇಳಿ ಮಕ್ಕಳಿಗೆ ಆದ ಸಂತೋಷಕ್ಕಿಂತ, ಐದು ನಿಮಿಷಕ್ಕೊಮ್ಮೆ ಎದ್ದು ಎಲ್ಲರ ಬೆಂಡನ್ನೂ ನೋಡಿ ಬರುತ್ತಿದ್ದ ನನ್ನ ತಮ್ಮನಿಗೆ ಆದ ಮುಖಭಂಗ ದೊಡ್ಡದು.

ಕಿರಿಕಿರಿಗಳಿಗೆ ಲೆಕ್ಕವಿಲ್ಲ. ದಾರ ದಾರಕ್ಕೆ ಸುತ್ತಿಕೊಳ್ಳುತ್ತದೆ. ಗಾಳ ನೀರಿನಡಿಯ ಬೇರಿಗೆ ಸಿಕ್ಕಿ, ಮಹಾಮತ್ಸ್ಯವೇ ಬಂದಿತೆಂದು ಎಲ್ಲರೂ ಎದ್ದು ನಿಂತಾಗ ಹಳೆಯ ಗೋಣಿಚೀಲದ ಚೂರು ಮೇಲೆ ಬರುತ್ತದೆ. ಒಮ್ಮೆ ಭಾವಮೈದ ಚೇಳು ಮೀನನ್ನು ಗಾಳದಿಂದ ಬಿಡಿಸಲು ಹೋಗಿ ಬೆರಳಿಗೆ ಮುಳ್ಳು ಚುಚ್ಚಿಸಿಕೊಂಡ. ಹೆಸರೇ ಹೇಳುವಂತೆ ಅದರ ರೆಕ್ಕೆಯ ಮುಳ್ಳಿನಲ್ಲಿ ವಿಷವಿದೆ. ಗೆಳೆಯ ದಂಡೆಯಲ್ಲೇ ನೀರು ಕಾಯಿಸಿ, ತಡೆದುಕೊಳ್ಳುವಷ್ಟು ಬಿಸಿಯಾದುದರಲ್ಲಿ ಆ ಬೆರಳನ್ನು ಅದ್ದಿಸಿ ಕೂರಿಸಿದ. ನಾನು ಅದನ್ನು ಹಳ್ಳಿಯ ಕೈಮದ್ದು ಎಂದುಕೊಂಡಿದ್ದೆ. ಆ ವಿಷ ಕಾವಿಗೆ ಕೆಡುವ ಜಾತಿಯದು, ಬಿಸಿನೀರೇ ಅದಕ್ಕೆ ಸರಿಯಾದ ಮೊದಲ ಉಪಚಾರ ಎಂದು ವೈದ್ಯರೂ ಆಮೇಲೆ ಹೇಳಿದರು.

ಆದರೆ ನಮ್ಮ ಮನೆಯ ವಿಶೇಷವಾದ ವ್ಯಥೆ ಬೇರೆ. ಮೀನಿನ ಸಾರು ಮಾಡಿದ ದಿನಕ್ಕಿಂತ ಮಾರನೆಯ ದಿನ ರುಚಿ ಎಂಬುದು ತಿನ್ನುವವರಿಗೆಲ್ಲ ಗೊತ್ತು. ಹುಣಿಸೆಹುಳಿ ರಾತ್ರಿಯೆಲ್ಲ ತುಂಡಿಗೆ ಇಳಿಯಬೇಕು, ಬೆಳಗ್ಗೆ ಬಿಸಿ ಮುದ್ದೆಯ ಜೊತೆಗೆ ಉಣ್ಣಬೇಕು. ನಮ್ಮ ಮನೆದೇವರು ನಂಜನಗೂಡಿನ ನಂಜುಂಡೇಶ್ವರ. ಗಾಳ ಹಾಕುವುದು ಭಾನುವಾರ. ಮಾರನೆಯ ದಿನ ಸೋಮವಾರ! ಸೋಮವಾರ ಮೀನಿನ ಪಾತ್ರೆ ಮನೆಯಲ್ಲಿ ಇರುವಂತೆಯೇ ಇಲ್ಲ. ನಮ್ಮ ತಾಯಿಯವರು ಉಳಿದ ಸಾರನ್ನು ಮಡಕೆ ಸಮೇತ ಗೆಳೆಯನ ಮನೆಗೆ ಕಳುಹಿಸಿಬಿಡುತ್ತಿದ್ದರು. ಮಂಗಳವಾರ ಮಡಕೆ ತೊಳೆದು ಹಿಂದಕ್ಕೆ ಬರುತ್ತಿತ್ತು. ಐವತ್ತು ವರ್ಷ ನಾನು ಹಿಡಿದ ಮೀನಿನ ಉತ್ತಮಾಂಶವನ್ನು ಉಂಡವನು ಅವನೇ.

ಇದು ಹಳ್ಳಿಯ ಹುಡುಗರ ಆಟ ಎಂದು ತಿಳಿಯಬೇಕಾಗಿಲ್ಲ. ಕಲ್ಯಾಣದಲ್ಲಿ 1126ರಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟಿದ್ದಾನೆ. ಕಡಲಿನ ಮೀನು, ಹೊಳೆಯ ಮೀನುಗಳ ವಿಚಾರ, ಅವುಗಳಿಗೆ ಹಾಕುವ ತಿನಿಸು, ಗಾಳದ ಕೋಲು, ದಾರ ಎಲ್ಲವೂ ಅದರಲ್ಲಿದೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಭಾಗದ ಬಗ್ಗೆ ಬರೆದಾಗ ವಿದ್ವಾಂಸರ ಗಮನ ಅದರ ಕಡೆಗೆ ಹೊರಳಿತು. ಇಂಗ್ಲೆಂಡಿನ ಐಸಾಕ್ ವಾಲ್ಟನ್ ಗಾಳದ ಮೇಲೆ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ್ದು 1653ರಲ್ಲಿ. ನಮ್ಮ ಅರಸ ಅವನಿಗಿಂತ ಐನೂರು ವರ್ಷ ಹಿಂದಿನವನು. ಅರಸರಿಗೆ ವಿನೋದವಾದದ್ದೇ ಬಡವನಿಗೆ ಕಸುಬಾದಾಗ ಲೋಕ ನಡೆದುಕೊಳ್ಳುವ ರೀತಿ ಬೇರೆ. ಶಾಕುಂತಲ ನಾಟಕದಲ್ಲಿ ಮೀನಿನ ಹೊಟ್ಟೆಯಿಂದ ಉಂಗುರವನ್ನು ತೆಗೆದುಕೊಟ್ಟ ಬೆಸ್ತನನ್ನು ಕಾವಲಿನವರು ಕಳ್ಳನೆಂದು ಕಟ್ಟಿ ತರುವುದಲ್ಲದೆ ಅವನ ಕಸುಬನ್ನೂ ಹಂಗಿಸುತ್ತಾರೆ. ಅವನಿಲ್ಲದಿದ್ದರೆ ದುಷ್ಯಂತನಿಗೆ ನೆನಪೇ ಮರಳುತ್ತಿರಲಿಲ್ಲ. ಈ ಪಾಠ ಹೇಳುವಾಗಲೆಲ್ಲ ನನಗೆ ಗೆಳೆಯನ ಮುಖ ಕಣ್ಣಮುಂದೆ ಬರುತ್ತಿತ್ತು.

ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಎಚ್. ಎಸ್. ಥಾಮಸ್ ಅವರು 1873ರಲ್ಲಿ ಭಾರತದ ಗಾಳಗಾರಿಕೆಯ ಮೇಲೆ ಒಂದು ಪುಸ್ತಕವನ್ನೇ ತಂದರು. ಅವರೆಲ್ಲರ ಕಣ್ಣು ಇದ್ದದ್ದು ಒಂದೇ ಮೀನಿನ ಮೇಲೆ: ಅವರು ಮಹಸೀರ್ ಎಂದು ಕರೆದ, ನಮ್ಮವರು ಬಿಳಿಮೀನು ಎನ್ನುವ ಕಾವೇರಿಯ ದೈತ್ಯ. ಮೃಗಗಳ ಚರ್ಮ ಹದಮಾಡಿ ಜೀವಕಳೆ ತುಂಬುವುದಕ್ಕೆ ಹೆಸರಾದ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಬಿಳಿಮೀನು 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತು. ಆಮೇಲೆ ಶಿವನಸಮುದ್ರದ ಕೆಳಗೆ ಭೀಮೇಶ್ವರಿಯ ಕಡೆ ಹಿಡಿದ ಮೀನನ್ನು ತೂಗಿ ಮತ್ತೆ ಹೊಳೆಗೇ ಬಿಡುವ ಶಿಬಿರಗಳು ನಡೆದವು. ವಿಲಾಯಿತಿಯಿಂದ ಬಂದವರ ದುಬಾರಿ ಗಾಳಕ್ಕೂ ಅಲ್ಲಿ ಎರೆ ನಮ್ಮ ರಾಗಿಯ ಉಂಡೆಯೇ. ಈ ಸಂಗತಿಯನ್ನು ಭಾವಮೈದನಿಗೆ ನಾನು ಆಗಾಗ ನೆನಪಿಸುತ್ತೇನೆ. ನಮ್ಮ ಲೇಖಕರಲ್ಲಿ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರಿಗೆ ಗಾಳದ ಗೀಳು ಎಷ್ಟಿತ್ತೆಂಬುದು ಓದುಗರಿಗೆ ಗೊತ್ತೇ ಇದೆ.

ನನ್ನ ಗಾಳಕ್ಕೆ ಬಿಳಿಮೀನು ಬಿದ್ದಿಲ್ಲ. ಇನ್ನು ಬೀಳುವುದೂ ಇಲ್ಲ. ಒಂದೂವರೆ ಶತಮಾನ ಲೋಕಪ್ರಸಿದ್ಧವಾಗಿದ್ದ ಈ ಡುಬ್ಬದ ಬಿಳಿಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೇ ಗೊತ್ತಾಗಿರಲಿಲ್ಲ. ಕಾವೇರಿಯ ಉಪನದಿಯೊಂದಾದ ಕೇರಳದ ಪಾಂಬಾರಿನಲ್ಲಿ ಸಿಕ್ಕ ಮೀನಿಗೆ 2007ರಲ್ಲಿ ಟಾರ್ ರೆಮದೇವಿ ಎಂದು ಹೆಸರಿಟ್ಟಿದ್ದರು; ನಮ್ಮ ಬಿಳಿಮೀನೂ ಅದೇ ಎಂದು ತಿಳಿದದ್ದು 2018ರಲ್ಲಿ. ಅದೇ ವರ್ಷ ಅದನ್ನು ಅಳಿವಿನ ಕೊನೆಯಂಚಿನ ಜೀವಿಗಳ ಪಟ್ಟಿಗೂ ಸೇರಿಸಲಾಯಿತು. ನಾಮಕರಣವೂ ಮರಣಶಾಸನವೂ ಒಟ್ಟಿಗೆ ಬಂದಂತಾಯಿತು. ಕಾರಣಗಳು ಹಲವು. ಮೊದಲ ಮಳೆಗೆ ಮೊಟ್ಟೆಯಿಡಲು ಮೇಲಕ್ಕೆ ಏರಿ ಹೋಗುವ ಮೀನಿಗೆ, ಮಲೆನಾಡಿನವರು ಹತ್ತುಮೀನು ಎನ್ನುತ್ತಾರಲ್ಲ, ಕಾವೇರಿಯಲ್ಲಿ 1930ರ ದಶಕದಿಂದ ಒಂದು ಗೋಡೆ ಅಡ್ಡ ನಿಂತಿತು, ಕಬಿನಿಯಲ್ಲಿ 1974ರಿಂದ ಇನ್ನೊಂದು. ಆ ಗೋಡೆಗಳಿಂದಲೇ ನಮ್ಮ ಗದ್ದೆಗೆ ನೀರು ಬಂದದ್ದು, ನನ್ನ ಓದಿಗೆ ಹಣ ಬಂದದ್ದು. ಆದುದರಿಂದ ನಾನು ಅವುಗಳನ್ನು ಬಯ್ಯಲಾರೆ. ಮೀನು ಹೆಚ್ಚಲೆಂಬ ಒಳ್ಳೆಯ ಉದ್ದೇಶದಿಂದಲೇ ಲೋನಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಬೇರೆ ಜಾತಿಯ ಮರಿಗಳನ್ನು ಕಾವೇರಿಗೆ ಬಿಟ್ಟರು. ಅವು ಹೆಚ್ಚಿದವು, ಹಳೆಯದು ಕುಗ್ಗಿತು. 1952ರಲ್ಲಿ ದೇಶಕ್ಕೆ ಬಂದ ತಿಲಾಪಿಯ, ನಮ್ಮ ಕಡೆಯ ಮಾತಿನಲ್ಲಿ ಜಿಲೇಬಿ, ಈಗ ಎಲ್ಲೆಲ್ಲೂ ಇದೆ. ನನ್ನ ಬಾಲ್ಯದಲ್ಲಿ ಒಂದು ದಿನದ ಬುಟ್ಟಿಯಲ್ಲಿ ಏಳೆಂಟು ಬಗೆ ಇರುತ್ತಿದ್ದುವು. ಈಗ ಹತ್ತರಲ್ಲಿ ಎಂಟು ಜಿಲೇಬಿ. ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಹಿಡಿಯಬಾರದೆಂದು 1897ರ ಕಾಯಿದೆಯಲ್ಲೇ ಹೇಳಿತ್ತು. ಆದರೂ ಎಷ್ಟೋ ಬೆಳಗು ತೋಟೆಯ ಸದ್ದು ಕೇಳಿ, ಹೋಗಿ ನೋಡಿದರೆ ಬೆರಳುದ್ದದ ಮರಿಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದುದನ್ನು ನಾನೇ ಕಂಡಿದ್ದೇನೆ. ದಾರ ಸಿಕ್ಕಿಕೊಂಡರೆ ಆಗುವ ಬೇಸರ ಸಂಜೆಗೆ ನಗುವಾಗುತ್ತದೆ. ಇದು ಹಾಗಲ್ಲ.

ನಗುವಾಗದ ಇನ್ನೊಂದು ಸಂಗತಿಯನ್ನೂ ಹೇಳಬೇಕು. 2018ರ ಡಿಸೆಂಬರಿನ ಒಂದು ಭಾನುವಾರ. ಸಂಗಮದಿಂದ ಕೆಳಗೆ, ಮೊಣಕಾಲಿನವರೆಗಿನ ನೀರನ್ನು ದಾಟಿ ನಡುವಿನ ಬಂಡೆಯ ಮೇಲೆ ಕುಳಿತಿದ್ದೆವು. ಜೊತೆಗೆ ನನ್ನ ತಂಗಿಯ ಮೊಮ್ಮಗ, ಒಂಬತ್ತು ವರ್ಷದವನು. ಬೆಳಗ್ಗೆ ಗಿರ್ಲು ಮೇಲಿಂದ ಮೇಲೆ ಬಿದ್ದವು. ಹತ್ತು ಗಂಟೆಯ ಹೊತ್ತಿಗೆ ಎಲ್ಲ ನಿಂತುಹೋಯಿತು. ಗೆಳೆಯ ತನ್ನ ದಾರವನ್ನು ಸುತ್ತತೊಡಗಿದ. "ಮೇಷ್ಟ್ರೇ, ಮೀನು ಬಾಯಿ ಮುಚ್ಕೊಂಡ್ರೆ ಹೊಳೆ ಏನೋ ಯೋಚ್ನೆ ಮಾಡ್ತಾ ಅದೆ ಅಂತ ತಿಳ್ಕೊಬೇಕು. ಏಳಿ" ಎಂದ. ಒಂದೊಂದು ಕಸಕಡ್ಡಿ ತೇಲಿ ಬರುತ್ತಿದ್ದುದು, ನೀರಿನ ಬಣ್ಣ ಮಾಸಿದ್ದು ನನಗೂ ಕಂಡಿತ್ತು. "ಇನ್ನೊಂದೇ ಎರೆ" ಎಂದೆ. ಎರಡನೆಯ ಸಲ ಹೇಳಿದಾಗಲೂ ಅದನ್ನೇ ಎಂದೆ. ಮೇಲೆ ಎಲ್ಲಿಂದಲೋ ನೀರು ಬಿಟ್ಟಿದ್ದರು. ನಾವು ಹೆಜ್ಜೆಯಿಟ್ಟು ಬಂದಿದ್ದ ಕಲ್ಲುಗಳು ಆ ಹದಿನೈದು ನಿಮಿಷದಲ್ಲಿ ಕಾಣದಾದವು. ಗೆಳೆಯ ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಇಳಿದ; ನೀರು ಅವನ ಎದೆಯವರೆಗೆ ಬಂತು. ಹಿಂದೆ ಇಳಿದ ನನ್ನ ಕಾಲಿಗೆ ನೆಲವೇ ಸಿಕ್ಕಲಿಲ್ಲ. ಬೇಸಗೆಯಲ್ಲಿ ಮರಳು ತೋಡಿದ್ದ ಗುಂಡಿ ಅದು, ಆಳು ಮುಳುಗುವಷ್ಟು. ದಂಡೆ ಸೇರಿದ್ದ ಭಾವಮೈದ ಬಿದಿರು ಕೋಲನ್ನು ಚಾಚಿದ. ಆ ಕೋಲು ತನ್ನ ಆಯುಷ್ಯದಲ್ಲಿ ಎಳೆದ ಅತ್ಯಂತ ದೊಡ್ಡ ಮೀನು ನಾನೇ.

ಮನೆಯಲ್ಲಿ ಯಾರೂ ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. ತಂಗಿ ಎರಡು ವರ್ಷ ನನ್ನೊಡನೆ ಹಬ್ಬಕ್ಕೆ ಬೇಕಾದಷ್ಟು ಮಾತ್ರ ಮಾತಾಡಿದಳು. ಹುಡುಗನನ್ನು ಹೊಳೆಯ ಕಡೆಗೆ ಕಳುಹಿಸಲಿಲ್ಲ. ನೀರು ಬಿಟ್ಟವರನ್ನು, ಮರಳು ತೆಗೆದವರನ್ನು ಕುರಿತು ನಾನು ಬಹಳ ದಿನ ಮನಸ್ಸಿನಲ್ಲೇ ವಾದಿಸಿದೆ. ನನ್ನ ವಾದವೆಲ್ಲ 'ಇನ್ನೊಂದೇ ಎರೆ' ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು.

ಆ ಹುಡುಗನಿಗೆ ಈಗ ಮೀಸೆ ಚಿಗುರಿದೆ. ಹೋದ ಮಾಗಿಯಲ್ಲಿ ತಾನಾಗಿಯೇ ಬಂದು, ಕೋಲು ಎಲ್ಲಿದೆ ತಾತ ಎಂದು ಕೇಳಿದ. ನಾನು ತಂಗಿಯ ಮುಖ ನೋಡಿದೆ. ಅವಳು ಬುತ್ತಿಗೆ ಮೊಸರನ್ನ ಕಲಸಲು ಒಳಗೆ ಹೋದಳು. ನಾವೀಗ ಬಂಡೆಗೆ ಹೋಗುವುದಿಲ್ಲ; ದಂಡೆಯಲ್ಲೇ ಕೂರುತ್ತೇವೆ. ಕುಳಿತ ಕೂಡಲೇ ಗೆಳೆಯ ನೀರಂಚಿನಲ್ಲಿ ಒಂದು ಕಡ್ಡಿಯನ್ನು ನೆಟ್ಟು, ನೀರು ಮುಟ್ಟಿದ ಮಟ್ಟಕ್ಕೆ ಚಾಕುವಿನಿಂದ ಕಚ್ಚು ಹಾಕುತ್ತಾನೆ. ಕಚ್ಚು ಮುಳುಗಿದರೆ, ಬೆಂಡು ಕುಣಿಯುತ್ತಿದ್ದರೂ ಸರಿ, ಎಲ್ಲರೂ ಏಳಬೇಕು. ಅದನ್ನು ನೋಡಿಕೊಳ್ಳುವ ಕೆಲಸ ಹುಡುಗನದು. ಕಳೆದ ಭಾನುವಾರ ನನ್ನ ಬೆಂಡು ಮೊದಲು ಮಲಗಿ, ಓರೆಯಾಗಿ ಸರಿಯಲು ತೊಡಗಿತ್ತು, ಗೆಂಡೆಯೇ, ಸಂದೇಹವಿಲ್ಲ. ಆಗ "ತಾತ, ಕಚ್ಚು ಹೋಯ್ತು, ಏಳಿ" ಎಂದ. ಅಷ್ಟರಲ್ಲೇ ಗೆಳೆಯ ಬುಟ್ಟಿ ಎತ್ತಿಕೊಂಡಿದ್ದ. ಅದರಲ್ಲಿ ಮೂರು ಗಿರ್ಲು, ಹನ್ನೊಂದು ಜಿಲೇಬಿ. ನಾನು ಕೋಲನ್ನೆತ್ತಿ ಎದ್ದೆ. ದಾರ ಹಗುರವಾಗಿ ಬಂತು.